ದವಡೆ ಹಲ್ಲಿನ ಕಾವಲುಗಾರರು

ಹುಳುಕು ತಿಂದ ದವಡೆ ಹಲ್ಲಿನ ಒಳಗೆ ನರ ನಡುಗುತ್ತಿತ್ತು. ಡಾಕ್ಟರು ಕುಳಿಯ ತಳಕ್ಕೆ ಸಿಮೆಂಟು ಹಾಕಿ, ಅದರ ಮೇಲೆ ಬಿಳಿ ಫಿಲ್ಲಿಂಗು ತುಂಬಿದರು.

“ಒಂದು ಚಕ್ಕುಲಿಗೇ ಪುಡಿಯಾಗುವವನು ನೀನು. ನಿನ್ನ ಹಂಗು ನನಗೇಕೆ?” ಎಂದು ಫಿಲ್ಲಿಂಗು ಸಿಮೆಂಟಿಗೆ ಹೇಳಿತು.

“ಗಟ್ಟಿಯಾಗುವಾಗ ನೀವು ಕುಗ್ಗುತ್ತೀರಿ. ತಳದಲ್ಲಿ ಸಂದಿ ಬಿಟ್ಟರೆ ಹುಳುಕು ಮತ್ತೆ ನುಗ್ಗುತ್ತದೆ,” ಎಂದಿತು ಸಿಮೆಂಟು.

ಫಿಲ್ಲಿಂಗು ಗಟ್ಟಿಯಾಗಲೆಂದು ಡಾಕ್ಟರು ನೀಲಿ ದೀಪ ಹಿಡಿದರು. ಅದರ ಮೈ ಕುಗ್ಗತೊಡಗಿತು.

“ಕಿತ್ತು ಬರುತ್ತಿದ್ದೇನೆ. ಬಿಡಬೇಡಪ್ಪಾ, ಹಿಡಿದುಕೋ,” ಎಂದು ಅದು ಬೇಡಿತು.

“ಹಿಡಿದಿದ್ದೇನೆ. ನಾಳೆ ಚಕ್ಕುಲಿ ಬಂದಾಗ ನೀವು ನನ್ನ ಮೇಲಿಂದ ಕದಲಬೇಡಿ. ನನಗೂ ಜೀವಭಯವಿದೆ,” ಎಂದಿತು ಸಿಮೆಂಟು.

ಇದನ್ನು ಕೇಳಿ ನರದ ನಡುಕ ನಿಂತಿತು.

“ನೀವಿಬ್ಬರೂ ಹೀಗೇ ಹೆದರುತ್ತಾ ಇರಿ. ನಾನು ಸ್ವಲ್ಪ ಮಲಗುತ್ತೇನೆ,” ಎಂದಿತು.