ಪ್ರಯೋಗಾಲಯಕ್ಕೆ ಮಾತ್ರ

ಹೊಳೆದಂಡೆಯ ಆಶ್ರಮವೊಂದರಲ್ಲಿ ನೀಲಾಂಬಿಕೆ ಎಂಬ ಗುರುಗಳಿದ್ದರು. ಹಿಂದೆ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸಿದವರು. ಈಗ ಬಂದವರ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಹಳೆಯ ಶಿಷ್ಯ ಇಂದುಧರ ಸಿಟ್ಟಿನಿಂದ ಧಾವಿಸಿ ಬಂದ.

ಅವನು ಪ್ರಯೋಗಾಲಯದಲ್ಲಿ ಪೆಪ್ಟೈಡ್ ತಯಾರಿಸುವವನು. ಪ್ರೋಟೀನಿನ ತುಣುಕಿನಂಥ ವಸ್ತು ಅದು. ಹರಿದ ಸ್ನಾಯು ಕೂಡಿಕೊಳ್ಳಲು ನೆರವಾದೀತೇ ಎಂದು ಇಲಿಗಳ ಮೇಲೆ ನೋಡುತ್ತಿದ್ದ. ಅಂಥದ್ದನ್ನೇ ಪೇಟೆಯ ವ್ಯಾಯಾಮಶಾಲೆಯ ಪರಸಪ್ಪ ಎಲ್ಲಿಂದಲೋ ತರಿಸಿ ಪೈಲ್ವಾನರಿಗೆ ಚುಚ್ಚುತ್ತಿದ್ದ. ಯಮನೂರನೆಂಬ ಪೈಲ್ವಾನನ ಭುಜ ಕೀವುಗಟ್ಟಿತು. ಕೊಯ್ದ ವೈದ್ಯರು, ಆ ಕೈ ಇನ್ನು ಮೇಲೇಳುವುದು ಅನುಮಾನ ಎಂದರು.

“ಸೀಸೆಯ ಮೇಲೆ ‘ಪ್ರಯೋಗಾಲಯಕ್ಕೆ ಮಾತ್ರ’ ಅಂತ ಬರೆದಿದೆ, ಅಮ್ಮ. ಓದಿಕೊಂಡೇ ಚುಚ್ಚಿದ್ದಾನೆ.”

ಗುರುಗಳು ಚಪ್ಪಲಿ ಮೆಟ್ಟಿದರು. “ನಡಿ.”

ವ್ಯಾಯಾಮಶಾಲೆಯಲ್ಲಿ ಪರಸಪ್ಪ ಕುರ್ಚಿ ಒರೆಸಿ ಇಬ್ಬರನ್ನೂ ಕೂರಿಸಿದ. ಗುರುಗಳು ತಮ್ಮ ಮೊಣಕಾಲು ತೋರಿಸಿ, ಬಹಳ ವರ್ಷದ ನೋವು, ನನಗೂ ಒಂದು ಚುಚ್ಚು ಎಂದು ಕೇಳಿದರು.

ಅವನು ಅವರ ನರೆತ ತಲೆ ನೋಡಿದ. ದನಿ ತಗ್ಗಿಸಿದ.

“ನಿಮಗೆ ಬೇಡಮ್ಮ. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗಿಲ್ಲ. ಹೆಚ್ಚುಕಡಿಮೆ ಆದರೆ ಏನು ಗತಿ?”

“ಯಮನೂರನಿಗೂ ಹೀಗೇ ಹೇಳಿದೆಯಾ?”

ಪರಸಪ್ಪ ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸತೊಡಗಿದ. ಇಂದುಧರ ಎದ್ದು ಅವನ ಕೊರಳಪಟ್ಟಿ ಹಿಡಿದ. ಗುರುಗಳು ಆ ಕೈ ಬಿಡಿಸಿದರು. ಪರಸಪ್ಪ ಏದುಸಿರು ಬಿಡುತ್ತ ಗೋಡೆಯತ್ತ ಬೆರಳು ತೋರಿಸಿದ.

“ನನ್ನನ್ನೇನು ಕೇಳ್ತೀರಿ? ಇವರನ್ನೇ ಕೇಳಿ.”

ಅಲ್ಲಿ ಪತ್ರಿಕೆಯ ಚಿತ್ರವೊಂದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದ. ಅಂಗೈಯಲ್ಲಿ ಬಿಳಿ ಇಲಿ ಹಿಡಿದು ಇಂದುಧರ ನಗುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ, ‘ಹರಿದದ್ದು ಕೂಡುತ್ತದೆ.’

ಇಂದುಧರ ಗುರುಗಳನ್ನು ಕರೆದುಕೊಂಡು ಹೊರಟ. ತಾನು ಹೇಳಿದ್ದು ಇಲಿಯ ಮಾತು, ಮನುಷ್ಯರಿಗೆಂದು ಎಲ್ಲೂ ಹೇಳಿಲ್ಲ ಎಂದು ದಾರಿಯುದ್ದಕ್ಕೂ ಕುದಿಯುತ್ತ ಬಂದ. ಪೊಲೀಸರಿಗೆ ದೂರು ಕೊಡಬೇಕು, ಆ ವ್ಯಾಯಾಮಶಾಲೆಗೆ ಬೀಗ ಬೀಳಬೇಕು ಎಂದ. ಇವತ್ತೇ ಕೊಡೋಣ ಎಂದರು ಗುರುಗಳು. ಅವರ ದನಿಯಲ್ಲೂ ಸಿಟ್ಟಿತ್ತು.

ಹೊಳೆಯ ಹತ್ತಿರ ಬಂದಾಗ ಗುರುಗಳು ನಿಂತರು.

“ಚಿತ್ರದ ಆ ಇಲಿಗೆ ವಾಸಿಯಾಗಿತ್ತು. ಉಳಿದವಕ್ಕೆ?”

“ಕೆಲವಕ್ಕೆ ಆಯಿತು. ಕೆಲವಕ್ಕೆ ಗಂಟು ಬೆಳೆಯಿತು. ಕೆಲವು ಸತ್ತವು.”

“ಪತ್ರಿಕೆಯವನಿಗೆ ಹೇಳಿದೆಯಾ?”

“ಅವನು ಕೇಳಲಿಲ್ಲ, ಅಮ್ಮ. ನನ್ನ ಸಂಶೋಧನಾ ಪ್ರಬಂಧದ ಕೊನೆಯಲ್ಲಿ ಎಲ್ಲ ಬರೆದಿದ್ದೇನೆ.”

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಗುರುಗಳು ಅವನ ಮುಖವನ್ನೇ ನೋಡುತ್ತಿದ್ದರು.

“ದೂರಿಗೆ ನಾನೂ ಸಹಿ ಹಾಕುತ್ತೇನೆ. ನೀನು ಹೋಗಿ, ಸತ್ತ ಇಲಿಯನ್ನು ಅಂಗೈಯಲ್ಲಿ ಹಿಡಿದು ಇನ್ನೊಂದು ಫೋಟೊ ತೆಗೆಸಿಕೊಂಡು ಬಾ.”