ಬೆಳವಕ್ಕಿಯ ಸಡಿಲ ಗೂಡು

ಹಳ್ಳದಾಚೆಯ ಒಂದು ಕಾಡಿನಲ್ಲಿ ಬೆಳವಕ್ಕಿಯೊಂದಿತ್ತು. ಗೂಡು ಕಟ್ಟುವುದೆಂದರೆ ಅದಕ್ಕೆ ಆಗಿಬರುತ್ತಿರಲಿಲ್ಲ. ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು, ಆಯಿತು ಅಂದುಬಿಡುತ್ತಿತ್ತು. ಹೋದ ಮಳೆಗಾಲದ ಮೊದಲ ಗಾಳಿಗೇ ಅದರ ಎರಡು ಮೊಟ್ಟೆ ಕೆಳಗೆ ಬಿದ್ದು ಒಡೆದವು. ಪಾಪ, ಮೂರು ದಿನ ಅದು ಒಂದು ಕಾಳೂ ಮುಟ್ಟಲಿಲ್ಲ.

ಆ ಕಾಡಿನಲ್ಲಿ ಪ್ರತಿ ಬೇಸಿಗೆಯ ಕೊನೆಗೆ ಮೊಟ್ಟೆ ಬೀಳಿಸುವ ಪಂದ್ಯ ನಡೆಯುತ್ತಿತ್ತು. ಕಾಡುಕೋಳಿ ತನ್ನ ಮರಿಯಾಗದ ಮೊಟ್ಟೆಗಳನ್ನು ಕೊಡುತ್ತಿತ್ತು. ಅದಕ್ಕೆ ಏನಾದರೂ ಹೊದಿಕೆ ಮಾಡಿ ಮತ್ತಿಮರದ ತುದಿಯಿಂದ ಬಿಡಬೇಕು. ಒಡೆಯದಿದ್ದರೆ ಗೆಲುವು. ಹಲ್ಲು ಬಾರದ ಮರಿಗಳಿಂದ ಹಿಡಿದು ಹಲ್ಲು ಬಿದ್ದ ಮುದುಕರವರೆಗೆ ಯಾರು ಬೇಕಾದರೂ ಸೇರಬಹುದಿತ್ತು. ಗೆದ್ದವರಿಗೆ ಆ ಮರದ ಬೆಚ್ಚನೆಯ ಪೊಟರೆ ಮಳೆಗಾಲ ಪೂರ್ತಿ ಸಿಗುತ್ತಿತ್ತು. ನಾಲ್ಕು ವರ್ಷದಿಂದ ಯಾರೂ ಗೆದ್ದಿರಲಿಲ್ಲ.

"ಈ ಸಲ ಆ ಪೊಟರೆ ನನಗೇ ಬೇಕು," ಎಂದಿತು ಬೆಳವಕ್ಕಿ.

ಕಾಡಿಗೆ ಹೊಸದಾಗಿ ಬಂದಿದ್ದ ಪುನುಗು ಬೆಕ್ಕು ಬಿದ್ದು ಬಿದ್ದು ನಕ್ಕಿತು. "ಅಲ್ಲ ಬೆಳವಕ್ಕಾ, ಗೂಡಲ್ಲಿದ್ದ ಮೊಟ್ಟೆನೇ ಉಳಿಸ್ಕೊಳ್ಳೋಕಾಗದ ನೀನು, ಮರದಿಂದ ಬಿಟ್ಟು ಉಳಿಸ್ತೀಯಾ?"

ಮಾತು ಎದೆಗೆ ನಾಟಿತು. ಆದರೂ ಬೆಳವಕ್ಕಿ ಸೀದಾ ಅತ್ತಿಮರಕ್ಕೆ ಹಾರಿತು. ಮಾಗಿದ ಅತ್ತಿಹಣ್ಣುಗಳನ್ನು ಆರಿಸಿ ತಂದು, ಮೊಟ್ಟೆಯ ಬದಲು ಅವನ್ನೇ ಬೀಳಿಸಿ ನೋಡತೊಡಗಿತು. ಬೂರುಗದ ಹತ್ತಿ ಸುತ್ತಿ ಬಿಟ್ಟಿತು, ಹಣ್ಣು ಅಪ್ಪಚ್ಚಿ. ಕಡ್ಡಿಗಳನ್ನು ಬಿಗಿಯಾಗಿ ಕಟ್ಟಿ ಬಿಟ್ಟಿತು, ಮತ್ತೆ ಅಪ್ಪಚ್ಚಿ. ಹೀಗೆ ಹತ್ತೊಂಬತ್ತು ಹಣ್ಣು ಹೋದವು. ಕೊಕ್ಕು ನೋಯುತ್ತಿತ್ತು, ಆದರೆ ಹಟ ಬಿಡಲಿಲ್ಲ. ಇಪ್ಪತ್ತನೆಯ ಹಣ್ಣಿನ ಸುತ್ತ ಹತ್ತಿ ಒತ್ತಿ, ಅದರ ಹೊರಗೆ ತನ್ನ ಮಾಮೂಲಿ ಸಡಿಲ ಕಡ್ಡಿಗಳನ್ನೇ ಸುತ್ತಿ ಬಿಟ್ಟಿತು. ಕಡ್ಡಿಗಳೆಲ್ಲ ಲಟಲಟ ಮುರಿದವು. ಹಣ್ಣಿಗೆ ಏನೂ ಆಗಿರಲಿಲ್ಲ!

"ಓಹೋ, ಪೆಟ್ಟು ಕಡ್ಡಿ ತಿನ್ನಬೇಕು, ಹಣ್ಣಲ್ಲ," ಎಂದು ಅದಕ್ಕೆ ಆಗ ಹೊಳೆಯಿತು.

ಪಂದ್ಯದ ದಿನ ಮುದಿ ಉಡದಜ್ಜ ತೀರ್ಪುಗಾರನಾಗಿ ಬಂಡೆಯ ಮೇಲೆ ಕೂತ. ಮೊಲದ ಮರಿಯ ಹುಲ್ಲಿನ ಕಟ್ಟು ಫಟ್ಟೆಂದಿತು. ಕರಡಿ ಮೊಟ್ಟೆಗೆ ಜೇನು ಮೆತ್ತಿತ್ತು. ಮರ ಹತ್ತುವಷ್ಟರಲ್ಲಿ ನೆಕ್ಕಿ ನೆಕ್ಕಿ ಮೊಟ್ಟೆಯನ್ನೂ ನುಂಗಿಬಿಟ್ಟಿತ್ತು. ಬೆಳವಕ್ಕಿಯ ಗೂಡು ಬಿದ್ದು ಕಡ್ಡಿಗಳು ಚೂರಾದವು, ಮೊಟ್ಟೆ ಉಳಿಯಿತು. ಕೊನೆಗೆ ಪುನುಗು ಬೆಕ್ಕು ಒಂದೇ ಒಂದು ಎಲೆ ಸುತ್ತಿ ಬಿಟ್ಟಿತು. ದಡ್! ಎಲೆ ಹರಿಯಿತು. ಒಳಗಿದ್ದದ್ದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಅವಳದು ಅಷ್ಟೊಂದು ಕಸ, ನನ್ನದು ಒಂದೇ ಎಲೆ. ಪೊಟರೆ ನನಗೇ ಸೇರ್ಬೇಕು," ಎಂದಿತು ಪುನುಗು ಬೆಕ್ಕು. ಎಲ್ಲರೂ ಹೌದು ಹೌದೆಂದರು. ಬೆಳವಕ್ಕಿಯ ಕಣ್ಣು ತುಂಬಿತು.

"ತಡಿಯಪ್ಪಾ," ಎಂದ ಉಡದಜ್ಜ. "ಒಡೆಯದೆ ಉಳಿದ ಮೊಟ್ಟೆನ ಅವರವರೇ ಒಡೆದು ನನಗೆ ಕುಡಿಸ್ಬೇಕು. ಇಲ್ಲಿನ ಪದ್ಧತಿ ಅದು. ನಾಲ್ಕು ವರ್ಷದಿಂದ ಕಾಯ್ತಿದೀನಿ."

ಹೊಸಬನಾದ ಪುನುಗು ಬೆಕ್ಕಿಗೆ ಇದು ಗೊತ್ತೇ ಇರಲಿಲ್ಲ. "ಇಷ್ಟು ಚೆಂದದ ಮೊಟ್ಟೆ ಒಡೆಯೋದಾ ಅಜ್ಜ? ನೆನಪಿಗೆ ಇಟ್ಕೊಳ್ತೀನಿ," ಎಂದು ತಡವರಿಸಿತು.

"ಒಡಿ ಅಂದೆ."

ಬೇರೆ ದಾರಿ ಕಾಣದೆ ಕಚ್ಚಿತು. ಕಟ್ ಎಂದು ಹಲ್ಲೇ ಮುರಿಯಿತು! ಎಲೆಯೊಳಗಿದ್ದದ್ದು ಹಳ್ಳದ ಬಿಳಿ ಕಲ್ಲು. ಕೋಳಿ ಕೊಟ್ಟ ಮೊಟ್ಟೆಯನ್ನು ಅದು ಹಿಂದಿನ ದಿನವೇ ಕುಡಿದು ಮುಗಿಸಿತ್ತು. ಕಾಡೆಲ್ಲ ಗೊಳ್ಳೆಂದಿತು. ಪುನುಗು ಬೆಕ್ಕು ಬಾಯಿ ಮುಚ್ಚಿಕೊಂಡು ಓಟ ಕಿತ್ತಿತು.

ಈಗ ಬೆಳವಕ್ಕಿಯ ಸರದಿ. ಅದಕ್ಕೆ ಹೋದ ವರ್ಷದ ಎರಡು ಮೊಟ್ಟೆ ನೆನಪಾದವು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡು ಕುಟುಕಿತು. ಹಳದಿ ಲೋಳೆ ಹೊರಬಂತು. ಉಡದಜ್ಜ ಚಪ್ಪರಿಸಿ ಕುಡಿದು, "ಹೋಗವ್ವ, ಪೊಟರೆ ನಿಂದೇ," ಎಂದ.

ಮಳೆಗಾಲ ಬಂತು. ಮೊದಲ ಗಾಳಿ ಮರವನ್ನೆಲ್ಲ ಅಲುಗಾಡಿಸಿತು. ಪೊಟರೆಯೊಳಗೆ ಬೆಳವಕ್ಕಿ ಎರಡು ಮೊಟ್ಟೆಗಳ ಮೇಲೆ ಕಾವು ಕೂತಿತ್ತು. ಈ ಸಲ ಯಾವುದೂ ಬೀಳಲಿಲ್ಲ.

ನೀತಿ: ಮೋಸದ ಗೆಲುವು ಪರೀಕ್ಷೆಗೆ ನಿಲ್ಲದು, ಸೋತರೂ ಬಿಡದೆ ಕಲಿತದ್ದು ಕೊನೆಗೂ ಕೈಹಿಡಿಯುತ್ತದೆ.