ಹೊಳೆ ಕಾಣದ ಕೆಸರು

ಹೊಳೆದಂಡೆಯ ಒಂದು ಸಣ್ಣ ಊರಿನ ಚರಂಡಿ ನೀರೆಲ್ಲ ಒಂದು ದೊಡ್ಡ ತೊಟ್ಟಿಗೆ ಬಂದು ಬೀಳುತ್ತಿತ್ತು. ಅಲ್ಲಿ ಕಂದು ಕೆಸರು ಹಗಲಿರುಳು ಬುಳುಬುಳು ಗುಳ್ಳೆಯೇಳುತ್ತಿತ್ತು. ಅದನ್ನು ಕಂಡರೆ ಬೆಳ್ಳಕ್ಕಿಗೆ ಮೈ ಉರಿಯುತ್ತಿತ್ತು. ಅವಳ ಮರಿಗಳು ಬದುಕಿದ್ದೇ ಹೊಳೆಯ ಮೀನು ತಿಂದು. ಒಂದು ಬೆಳಗ್ಗೆ ಮೈಗೆ ಹನಿಯೂ ಸಿಡಿಯದಷ್ಟು ದೂರದಲ್ಲಿ ಕಟ್ಟೆಯ ಮೇಲೆ ನಿಂತು ಗದರಿದಳು:

“ಏ ಕೆಸರೇ, ನೀನು ಹೊಳೆಗೆ ಇಳಿದರೆ ನನ್ನ ಮಕ್ಕಳ ಗತಿಯೇನು?”

“ನಾನು ಇಳಿಯುವುದಿಲ್ಲ ತಾಯಿ,” ಎಂದಿತು ಕೆಸರು. “ನನ್ನ ಒಡಲಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಗಳಿವೆ. ಅವು ಉಸಿರಾಡಲೆಂದೇ ಈ ಗಾಳಿಯ ಗುಳ್ಳೆ. ಊರಿನ ಹೊಲಸೇ ಅವುಗಳ ಊಟ. ಉಂಡು ಮುಗಿದ ಮೇಲೆ ನಾನು ಪಕ್ಕದ ತೊಟ್ಟಿಗೆ ಹರಿದು ತಳದಲ್ಲಿ ಕೂರುತ್ತೇನೆ. ಮೇಲಿನ ತಿಳಿನೀರು ಹೊಳೆಗೆ ಹೋಗುತ್ತದೆ. ನನ್ನನ್ನು ಪಂಪು ಮತ್ತೆ ಇಲ್ಲಿಗೇ ತಂದು ಬಿಡುತ್ತದೆ.”

ಬೆಳ್ಳಕ್ಕಿ ತಿರುಗಿ ನೋಡಿದಳು. ಪಕ್ಕದ ತೊಟ್ಟಿಯ ಅಂಚಿನಿಂದ ಇಳಿಯುವ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಆ ನೀರು ಹೊಳೆ ಸೇರುವ ಜಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ದಿನವೂ ಮೀನು ಹಿಡಿಯುತ್ತಿದ್ದುದು ಅಲ್ಲೇ.

“ಹಾಗಾದರೆ ನೀನು ಹೊಳೆಯನ್ನು ನೋಡಿಯೇ ಇಲ್ಲವೇ?”

“ನಾನು ಹೋಗಿ ನೋಡಿದ ದಿನ ಅದು ಹೊಳೆಯಾಗಿ ಉಳಿಯುವುದಿಲ್ಲ. ಹೊಳೆ ಹೇಗಿದೆ ತಾಯಿ, ನೀವೇ ಹೇಳಿ.”

ಬೆಳ್ಳಕ್ಕಿ ಹೊಳೆಗೆ ಹಾರಿ, ಎರಡೂ ರೆಕ್ಕೆ ತೋಯಿಸಿಕೊಂಡು ಬಂದು, ಕೆಸರಿನ ತೊಟ್ಟಿಯ ಮೇಲೆ ಬಗ್ಗಿ ಹೊಳೆಯ ಹನಿಗಳನ್ನು ಕೊಡವಿದಳು. ಗುಳ್ಳೆಯೊಡೆದು ಒಂದು ಕಂದು ಹನಿ ಅವಳ ಬಿಳಿ ಎದೆಗೆ ಸಿಡಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.